ಮೆಕೆಂಜಿನೋ, ಮೆಕೆಂಝಿನೋ?

ಮೇಷ್ಟ್ರೇ, ನಮಸ್ಕಾರ. ಕಾಲಿನ್ ಮೆಕೆಂಜಿ ಕೂಡಿಸಿಟ್ಟ ಕೈಫಿಯತ್ತುಗಳ, ಅಂದ್ರೆ ಊರೂರಿನ ಹಳೇ ಚರಿತ್ರೆಯ ಕಡತಗಳ ಬಗ್ಗೆ ಹೋದ ಸಂಚಿಕೆಲಿ ಬಂದ ಲೇಖನದಲ್ಲಿ ಒಂದು ಕಡೆ ಮೆಕೆಂಜಿ, ಇನ್ನೊಂದು ಕಡೆ ಮೆಕೆಂಝಿ ಅಂತಿದೆ, ಯಾವುದು ಸರಿ, ಇದೇನು ಊರಿನ ಹೆಸ್ರಾ ಜಾತಿಯಾ, ಆ ಹೆಸ್ರಿನವರೆಲ್ಲ ಅಣ್ಣತಮ್ಮಂದಿರಾ ಅಂತ ಹಾಸನದಿಂದ ಬರ್ದಿದ್ದೀರಿ. ಎರಡು ಥರ ಅಚ್ಚಾಗಿದ್ದು ನಮ್ಮ ಪ್ರೂಫ್ ತಪ್ಪು, ಒಪ್ಕೊಂಡೆ. ಆದ್ರೆ ಮಜಾ ಏನು ಅಂದ್ರೆ ಆ ಹೆಸ್ರಲ್ಲಿ ಜಕಾರನೂ ಇರ್ಲಿಲ್ಲ, ಝಕಾರನೂ ಇರ್ಲಿಲ್ಲ.

ಮೂಲ ಸ್ಕಾಟ್ಲೆಂಡಿನ ಗೇಲಿಕ್ ಭಾಷೇದು. ಮ್ಯಾಕ್ ಅಂದ್ರೆ ಮಗ. ಕೊಞಿಹ್ ಅನ್ನೋದು ಈಗಿನ ಕೆನೆತ್ ಅನ್ನೋ ಹೆಸ್ರಿನ ಹಳೇ ರೂಪ, ಅರ್ಥ ಚೆಲುವ ಅಂತ. ನಮ್ಮ ಕಡೆ ಆಗಿದ್ರೆ ಸುಂದ್ರಪ್ಪನ ಮಗ ಅಂದ್ಬಿಡ್ತಿದ್ವಿ ಅಷ್ಟೇ. ಮಗಳಾದ್ರೆ ಮ್ಯಾಕ್ ಹೋಗಿ ನಿಕ್ ಬರತ್ತೆ, ಗೇಲಿಕ್ ಆಡೋರು ಈಗ್ಲೂ ಹಾಗೇ ಅಂತಾರೆ.

ಆ ಮಧ್ಯದ ಸದ್ದು ನೋಡಿ, ಅದು ನಮ್ಮ ಞ. ಕಚಟತಪ ಬಾಯಿಪಾಠ ಹೇಳುವಾಗ ಮಕ್ಕಳು ಮೂಗಲ್ಲೇ ಎಳೆದು ದಾಟಿಸ್ತಾರಲ್ಲ, ಅದೇ. ಇಂಥಾ ಸದ್ದನ್ನ ಅಲ್ಲಿನ ಇನ್ನೊಂದು ಭಾಷೆ ಸ್ಕಾಟ್ಸ್‌ನ ಹಳೇ ಬರಹದಲ್ಲಿ ತೋರಿಸೋಕೆ 3 ಅಂಕಿ ಥರ ಕಾಣೋ ಒಂದು ಅಕ್ಷರ ಇತ್ತು, ಯೋಖ್ ಅಂತ. ಸ್ಕಾಟ್ಲೆಂಡಲ್ಲಿ ಅಚ್ಚುಕೂಟ ಶುರುವಾಗಿದ್ದು 1508ರಲ್ಲಿ ಎಡಿನ್‌ಬರೋದಲ್ಲಿ, ಅಚ್ಚಿನ ಮೊಳೆಗಳು ಬರ್ತಿದ್ದದ್ದು ಸಮುದ್ರದಾಚೆಯಿಂದ, ಅದ್ರಲ್ಲಿ ಯೋಖ್ ಇಲ್ಲ, ಬಾಲ ಇರೋ ಝಡ್ ನೋಡೋಕೆ ಹಾಗೇ ಕಾಣತ್ತಲ್ಲ ಅಂತ ಅದನ್ನೇ ಜೋಡಿಸಿದ್ರು, ಆಮೇಲಾಮೇಲೆ ಓದೋರು ಕಣ್ಣಿಗೆ ಕಂಡಿದ್ದನ್ನೇ ಬಾಯಲ್ಲಿ ಹೇಳೋಕೆ ಶುರು ಮಾಡಿದ್ರು. ಮೊದ್ಲು ಮಕಿಂಗಿ ಅನ್ನೋ ಥರ ಕರೀತಿದ್ದ ಹೆಸ್ರು ಮೆಕೆಂಜಿ ಆಗಿದ್ದು ಹೀಗೆ. ಮೆಂಜೀಸ್ ಅನ್ನೋ ಇನ್ನೊಂದು ಮನೆತನದ ಹೆಸ್ರನ್ನ ಸ್ಕಾಟ್ಲೆಂಡಲ್ಲಿ ಮಿಂಗಿಸ್ ಅಂತಾನೇ ಹೇಳೋದು, ಆಸ್ಟ್ರೇಲಿಯಾದ ಪ್ರಧಾನಿ ಆಗಿದ್ದ ರಾಬರ್ಟ್ ಮೆಂಜೀಸ್‌ಗೆ ಮಿಂಗ್ ಅಂತ ಅಡ್ಡಹೆಸ್ರು ಬಿದ್ದಿದ್ದೂ ಅದಕ್ಕೇ.

ಮೆಕೆಂಜಿ ಮನೆತನದ ಮೂಲ ನೆಲ ಸ್ಕಾಟ್ಲೆಂಡಿನ ವಾಯವ್ಯದ ಕಿಂಟೇಲ್, ಐಲೀನ್ ಡೊನನ್ ಕೋಟೆ ಅಲ್ಲೇ ಇರೋದು. ಐರ್ಲೆಂಡಿಂದ ಬಂದ ಕಾಲಿನ್ ಫಿಟ್ಜ್‌ಜೆರಾಲ್ಡ್ ಅನ್ನೋ ವೀರ ನಮ್ಮ ಮೂಲಪುರುಷ ಅಂತ ಅವ್ರೇ 17ನೇ ಶತಮಾನದಲ್ಲಿ ಹೇಳ್ಕೊಂಡ್ರು, ಈಗಿನ ಇತಿಹಾಸಕಾರರು ಒಪ್ಪಲ್ಲ. ನನಗೂ ನಂಬಿಕೆ ಇಲ್ಲ, ದೊಡ್ಡಮನೆ ವಂಶಾವಳಿ ಎಲ್ಲಾ ಕಡೆ ಒಂದೇ ಥರ ಬೆಳೆಯತ್ತೆ ಬಿಡಿ. ಆದ್ರೆ ಕಾಲಿನ್ ಅನ್ನೋ ಹೆಸ್ರು ಮಾತ್ರ ಅವ್ರ ಮನೇಲಿ ಮತ್ತೆ ಮತ್ತೆ ಬರತ್ತೆ, 1623ರಲ್ಲಿ ಸೀಫೋರ್ತ್ ಅರ್ಲ್ ಅನ್ನೋ ಪದವಿ ಸಿಕ್ಕಿದ್ದೂ ಒಬ್ಬ ಕಾಲಿನ್‌ಗೇ.

ಅಣ್ಣತಮ್ಮಂದಿರಾ ಅಂದ್ರಲ್ಲ, ಅಲ್ಲ. 1610ರ ಹೊತ್ತಿಗೆ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪ ಈ ಮನೆತನದ ಕೈಗೆ ಬಂತು. ಹೈಲ್ಯಾಂಡ್ಸಲ್ಲಿ, ಅಂದ್ರೆ ಸ್ಕಾಟ್ಲೆಂಡಿನ ಗುಡ್ಡಗಾಡು ಸೀಮೇಲಿ, ಒಡೆಯನ ಜಮೀನಲ್ಲಿ ಗೇಯ್ಮೆ ಮಾಡೋರು, ಅವನ ಆಸರೆಗೆ ಬಂದೋರು ಎಷ್ಟೋ ಜನ ಅವನ ಹೆಸ್ರನ್ನೇ ಇಟ್ಕೊಳ್ತಿದ್ರು, ಹಾಗಾಗಿ ಹೆಸ್ರು ಒಂದಾದ ಮಾತ್ರಕ್ಕೆ ರಕ್ತ ಒಂದಲ್ಲ. ಲೂಯಿಸಲ್ಲಂತೂ ಒಂದೇ ಹೆಸ್ರಿನವರು ಎಷ್ಟು ಜನ ಅಂದ್ರೆ ಅಪ್ಪ, ಅಜ್ಜನ ಹೆಸ್ರು ಸೇರಿಸಿ ಇಲ್ಲಾ ಅಡ್ಡಹೆಸ್ರು ಹಿಡಿದೇ ಗುರುತಿಸ್ತಾರೆ, ನಮ್ಮ ಹಳ್ಳೀಲಿ ಮೂರು ಜನ ಮಂಜ ಇದ್ರೆ ಮಾಡ್ತೀವಲ್ಲ ಹಾಗೆ.

ನಮ್ಮ ಕಾಲಿನ್ ಮೆಕೆಂಜಿ ಹುಟ್ಟಿದ್ದು ಆ ದ್ವೀಪದ ಸ್ಟೋರ್ನೊವೇ ಅನ್ನೋ ಬಂದರಿನ ಊರಲ್ಲಿ. ಸುಂಕದ ಕಚೇರೀಲಿ ಕೆಲ್ಸ ಮಾಡ್ಕೊಂಡಿದ್ದೋನು 1783ರಲ್ಲಿ ಮದ್ರಾಸಿಗೆ ಬಂದ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ, ಆಮೇಲೆ ಹತ್ತು ವರ್ಷ ಮೈಸೂರು ಸೀಮೆ ಅಳೆದ. ಕಾವಲಿ ಬೊರಯ್ಯ, ಲಕ್ಷ್ಮಯ್ಯ ಥರದ ಸಹಾಯಕರು ಜೊತೇಲಿ ಇಲ್ಲದಿದ್ರೆ ಆ ಕೈಫಿಯತ್ತು ಕಡತಗಳು ಇರ್ತಿರ್ಲಿಲ್ಲ, ಇದನ್ನ ಲೇಖನದಲ್ಲೇ ಹೇಳ್ಬೇಕಿತ್ತು, ಬಿಟ್ಟೋಗಿದೆ. 1815ರಲ್ಲಿ ಇಂಡಿಯಾದ ಮೊದಲ ಸರ್ವೇಯರ್ ಜನರಲ್ ಆದ, 1821ರಲ್ಲಿ ತೀರ್ಕೊಂಡ, ಊರಿಗೆ ವಾಪಸ್ ಹೋಗ್ಲೇ ಇಲ್ಲ. ಕೆನಡಾದ ಮೆಕೆಂಜಿ ನದಿ ಇದೆಯಲ್ಲ, 1789ರಲ್ಲಿ ಅದರ ಕೊನೇವರೆಗೂ ಹೋದ ಅಲೆಕ್ಸಾಂಡರ್ ಮೆಕೆಂಜಿನೂ ಅದೇ ಸ್ಟೋರ್ನೊವೇಯವನೇ.

ಇನ್ನು ಮುಂದೆ ಮೆಕೆಂಜಿ ಅಂತ್ಲೇ ಹಾಕ್ತೀವಿ. ಮಕೆಞಿ ಅಂತ ಹಾಕೋ ಆಸೆ ನನಗಿತ್ತು, ಹೇಳಿದೆ ಕೂಡ, ನಮ್ಮ ಡಿಟಿಪಿ ಹುಡುಗ ಕೀಬೋರ್ಡ್ ಮೇಲೆ ಕೆಳಗೆ ನೋಡಿ, ಸಾರ್ ಆ ಅಕ್ಷರ ಎಲ್ಲಿದೆ ಅಂದ.