ಕಟಿಂಗ್ ಚಹಾ, ನೆಲ್ಲಿಕಾಯಿ ಮತ್ತು ನಿಮ್ಮ ಹಲ್ಲು: ಓದುಗರ ಪ್ರಶ್ನೆಗೆ ದಂತವೈದ್ಯರ ಉತ್ತರ

ಪ್ರಶ್ನೆ: ಡಾಕ್ಟ್ರೇ, ನಾನು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುವವನು. ವಯಸ್ಸು 41. ಸ್ವೀಟ್ ಮುಟ್ಟುವುದಿಲ್ಲ, ತಂಪು ಪಾನೀಯ ಕುಡಿಯುವುದಿಲ್ಲ. ಆದರೂ ಒಂದೇ ವರ್ಷದಲ್ಲಿ ಮೂರು ದವಡೆ ಹಲ್ಲು ಹುಳುಕಾಗಿವೆ. ದಿನಕ್ಕೆ ಎಂಟೋ ಒಂಬತ್ತೋ ಕಟಿಂಗ್ ಚಹಾ, ಅಂದರೆ ಅರ್ಧ ಗ್ಲಾಸಿನ ಚಹಾ, ಆಗುತ್ತದೆ, ಅಷ್ಟೇ. ನಮ್ಮ ಮನೆತನದ ಹಲ್ಲೇ ಹೀಗೆ ಅಂತ ಸುಮ್ಮನಿರಬೇಕಾ?

ಉತ್ತರ: ಸುಮ್ಮನಿರಬೇಡಿ. ನೀವು ‘ಅಷ್ಟೇ’ ಅಂದಿರಲ್ಲ, ಕಾರಣ ಇರುವುದು ಅಲ್ಲೇ.

ಹಲ್ಲಿಗೆ ಅಂಟಿಕೊಂಡ ತೆಳ್ಳಗಿನ ಲೋಳೆಯಂಥ ಕೊಳೆಯಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ನಾವು ತಿಂದ ಸಕ್ಕರೆಯೇ ಅವುಗಳ ಊಟ. ಅದನ್ನು ತಿಂದು ಅವು ಆಸಿಡ್ ಬಿಡುತ್ತವೆ. ಹುಳಿಯನ್ನು ಅಳೆಯುವ ಲೆಕ್ಕಕ್ಕೆ ಪಿಎಚ್ ಅನ್ನುತ್ತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಹಲ್ಲಿನ ಮೇಲಿನ ಗಟ್ಟಿ ಪದರದಿಂದ, ಅಂದರೆ ಎನಾಮಲ್‌ನಿಂದ, ಕ್ಯಾಲ್ಸಿಯಂ ಕರಗಲು ಶುರುವಾಗುತ್ತದೆ. ಆಮೇಲೆ ಜೊಲ್ಲು ನಿಧಾನವಾಗಿ ಆ ಹುಳಿಯನ್ನು ತಗ್ಗಿಸಿ, ಕಳೆದುಹೋದ ಕ್ಯಾಲ್ಸಿಯಂ ಸ್ವಲ್ಪ ಸ್ವಲ್ಪ ವಾಪಸ್ ತುಂಬುತ್ತದೆ. ಇದಕ್ಕೆ ಅರ್ಧ ಗಂಟೆ ಬೇಕು, ಕೆಲವರಿಗೆ ಅದಕ್ಕಿಂತ ಜಾಸ್ತಿ.

ಈಗ ನಿಮ್ಮ ದಿನವನ್ನೇ ನೋಡಿ. ಬೆಳಿಗ್ಗೆ ಶಟರ್ ಎತ್ತುವಾಗ ಒಂದು ಚಹಾ, ತಿಂಡಿಯ ಗಿರಾಕಿಗಳ ರಶ್ ಇಳಿದ ಮೇಲೆ ಒಂದು, ಲೆಕ್ಕ ಬರೆಯುವಾಗ ಒಂದು, ಯಾರೋ ಊರಿನವರು ಬಂದರೆಂದು ಅವರ ಜೊತೆ ಇನ್ನೊಂದು. ಒಂದೊಂದಕ್ಕೆ ಅರ್ಧ ಗಂಟೆ ಹಿಡಿದರೂ ಎಂಟು ಚಹಾಕ್ಕೆ ನಾಲ್ಕು ಗಂಟೆ ನಿಮ್ಮ ಹಲ್ಲು ಹುಳಿಯಲ್ಲಿ ನೆನೆಯುತ್ತದೆ. ಜೊಲ್ಲು ಒಂದು ಸಲದ್ದನ್ನು ಸರಿಮಾಡಿ ಮುಗಿಸುವ ಹೊತ್ತಿಗೆ ಮುಂದಿನ ಗ್ಲಾಸ್ ಬಂದಿರುತ್ತದೆ. ಗಲ್ಲಾದ ಮೇಲೆ ಬಡೇಸೋಪು, ಕಲ್ಲುಸಕ್ಕರೆಯ ಬಟ್ಟಲೂ ಇರುತ್ತದಲ್ವಾ? ಕೈ ತನ್ನಷ್ಟಕ್ಕೇ ಅದರತ್ತ ಹೋಗುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ.

ಊಟದ ಜೊತೆ ಒಂದು ಜಿಲೇಬಿ ತಿಂದು ಮುಗಿಸುವವರಿಗಿಂತ, ದಿನವಿಡೀ ಸಿಹಿ ಚಹಾ ಗುಟುಕರಿಸುವವರ ಹಲ್ಲಿಗೆ ಅಪಾಯ ಜಾಸ್ತಿ. ಇದು ಗೊತ್ತಾಗಿದ್ದು ಹೇಗೆ ಅನ್ನುವುದು ನೋವಿನ ಕತೆ. 1940ರ ದಶಕದಲ್ಲಿ ಸ್ವೀಡನ್ನಿನ ಲುಂಡ್ ಊರಿನ ವಿಪೆಹೋಲ್ಮ್ ಎಂಬ ಆಸ್ಪತ್ರೆಯಲ್ಲಿ, ಬುದ್ಧಿ ಬೆಳವಣಿಗೆಯ ತೊಂದರೆ ಇದ್ದ ರೋಗಿಗಳ ಮೇಲೆ ಪ್ರಯೋಗ ಮಾಡಿದರು. ಕೆಲವರಿಗೆ ಊಟದ ಜೊತೆ ಸಕ್ಕರೆ, ಇನ್ನು ಕೆಲವರಿಗೆ ಊಟದ ನಡುವೆ ಹಲ್ಲಿಗೆ ಅಂಟುವ ಟಾಫಿ. ಟಾಫಿ ತಿಂದವರ ಹಲ್ಲುಗಳು ಹಾಳಾಗಿಹೋದವು, ಊಟದ ಜೊತೆ ಸಕ್ಕರೆ ತಿಂದವರಲ್ಲಿ ಹುಳುಕು ಅಷ್ಟು ಏರಲಿಲ್ಲ. ಆ ಜನರ ಒಪ್ಪಿಗೆ ಯಾರೂ ಕೇಳಿರಲಿಲ್ಲ. ಅವರ ಹಲ್ಲು ಹೋಗಿ ನಮಗೆ ಬಂದ ತಿಳಿವಳಿಕೆ ಇದು, ಅದಕ್ಕೇ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಸಕ್ಕರೆಯ ಮೊತ್ತವೂ ಕಡಿಮೆಯೇನಲ್ಲ. ಗ್ಲಾಸಿಗೆ ಒಂದು ಚಮಚ ಅಂದರೂ ದಿನಕ್ಕೆ 30 ಗ್ರಾಂ ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ ದಿನಕ್ಕೆ ಸುಮಾರು 25 ಗ್ರಾಂ ಒಳಗಿದ್ದರೆ ಒಳ್ಳೆಯದು.

ಚಹಾ ಬಿಡಿ ಅಂತ ನಾನು ಹೇಳುವುದಿಲ್ಲ. ಹೋಟೆಲಿನಲ್ಲಿ ಕೂತವರಿಗೆ ಅದು ಆಗದ ಮಾತು. ಸಕ್ಕರೆ ಹಾಕಿದ ಚಹಾ ದಿನಕ್ಕೆ ಎರಡೋ ಮೂರೋ ಇರಲಿ, ಅದೂ ತಿಂಡಿ ಊಟದ ಜೊತೆಗೇ. ಉಳಿದದ್ದು ಸಕ್ಕರೆ ಇಲ್ಲದೆ. ಮೊದಲ ಒಂದು ವಾರ ಬಾಯಿಗೆ ಒಗ್ಗದು, ಆಮೇಲೆ ಅಭ್ಯಾಸವಾಗುತ್ತದೆ. ಕುಡಿದ ಮೇಲೆ ಒಂದು ಬಾಯಿ ನೀರು ಮುಕ್ಕಳಿಸಿ. ನಡುವೆ ಹಸಿವಾದರೆ ಬಿಸ್ಕತ್ತು, ಪದರ ಪದರದ ಖಾರಿ ಬಿಸ್ಕತ್ತು ಬೇಡ, ಅವು ದವಡೆ ಹಲ್ಲಿನ ಗೀರುಗಳಲ್ಲಿ ಮೆತ್ತಿಕೊಂಡು ಕೂರುತ್ತವೆ. ಹುರಿದ ಶೇಂಗಾ ತಿನ್ನಿ, ಅಗಿದಷ್ಟೂ ಜೊಲ್ಲು ಬರುತ್ತದೆ. ರಾತ್ರಿ ಎಷ್ಟೇ ಹೊತ್ತಾಗಲಿ ಫ್ಲೋರೈಡ್ ಇರುವ ಪೇಸ್ಟಿನಲ್ಲಿ ಉಜ್ಜಿಯೇ ಮಲಗಿ, ಯಾಕೆಂದರೆ ನಿದ್ದೆಯಲ್ಲಿ ಜೊಲ್ಲು ತುಂಬಾ ಕಡಿಮೆಯಾಗುತ್ತದೆ, ಕಾವಲಿಗೆ ಯಾರೂ ಇರುವುದಿಲ್ಲ. ಟ್ಯೂಬಿನ ಹಿಂದೆ ‘ಫ್ಲೋರೈಡ್’ ಅಂತ ಬರೆದಿದೆಯಾ ನೋಡಿ ಕೊಳ್ಳಿ, ಎಲ್ಲ ಪೇಸ್ಟಿನಲ್ಲೂ ಇರುವುದಿಲ್ಲ. ಮತ್ತೆ ಆ ಮೂರು ಹಲ್ಲಿಗೆ ಈಗಲೇ ಸಿಮೆಂಟ್ ತುಂಬಿಸಿ. ತಡಮಾಡಿದರೆ ಅದೇ ರೂಟ್ ಕೆನಾಲ್ ಆಗುತ್ತದೆ.

ಪ್ರಶ್ನೆ: ಡೊಂಬಿವ್ಲಿಯಿಂದ ಬರೆಯುತ್ತಿದ್ದೇನೆ. ನನ್ನ ಅತ್ತೆಗೆ 62 ವರ್ಷ, ಎಂಟು ವರ್ಷದಿಂದ ಶುಗರ್ ಇದೆ. ಹಲ್ಲುಜ್ಜಿದರೆ ವಸಡಿನಿಂದ ರಕ್ತ. ವಿಟಮಿನ್ ಸಿ ಕಡಿಮೆಯಾಗಿದೆ ಅಂತ ದಿನಾ ನೆಲ್ಲಿಕಾಯಿ ತಿನ್ನುತ್ತಾರೆ, ವಿಟಮಿನ್ ಸಿ ಮಾತ್ರೆಯನ್ನೂ ಚೀಪುತ್ತಾರೆ. ರಕ್ತ ಬರುವ ಕಡೆ ಬ್ರಶ್ ಹಾಕುವುದನ್ನೇ ಬಿಟ್ಟಿದ್ದಾರೆ. ಪಕ್ಕದ ಮನೆಯವರು ಮಿಶ್ರಿ ಹಚ್ಚಿ ಅನ್ನುತ್ತಿದ್ದಾರೆ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂಬ ಭಯ ಬೇರೆ.

ಉತ್ತರ: ಮೊದಲು ಮಿಶ್ರಿಯ ಮಾತು. ದಯವಿಟ್ಟು ಬೇಡ. ಅದು ಹುರಿದು ಪುಡಿ ಮಾಡಿದ ತಂಬಾಕು, ಬೇರೇನೂ ಅಲ್ಲ. ತಂಬಾಕು ವಸಡಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಹಾಗಾಗಿ ರಕ್ತ ನಿಂತ ಹಾಗೆ ಕಾಣಬಹುದು, ಒಳಗೆ ರೋಗ ಮುಂದುವರಿಯುತ್ತಲೇ ಇರುತ್ತದೆ. ಬಾಯಿ ಕ್ಯಾನ್ಸರಿನ ಅಪಾಯವಂತೂ ಇದ್ದೇ ಇದೆ.

ವಿಟಮಿನ್ ಸಿ ವಿಚಾರ ಪೂರ್ತಿ ಸುಳ್ಳಲ್ಲ. ಹಿಂದೆ ತಿಂಗಳುಗಟ್ಟಲೆ ಹಡಗಿನಲ್ಲಿರುತ್ತಿದ್ದ ನಾವಿಕರಿಗೆ ವಸಡು ಊದಿ ರಕ್ತ ಸೋರುವ ಸ್ಕರ್ವಿ ಬರುತ್ತಿತ್ತು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಕಿತ್ತಳೆ, ನಿಂಬೆ ಕೊಟ್ಟು ನೋಡಿದಾಗ ಅವರು ಬೇಗ ಚೇತರಿಸಿಕೊಂಡರು. ಆದರೆ ದಿನಾ ನೆಲ್ಲಿಕಾಯಿ ತಿನ್ನುವವರಿಗೆ ಸ್ಕರ್ವಿ ಎಲ್ಲಿಂದ ಬರಬೇಕು? ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಹೆಂಗಸರಿಗೆ ದಿನಕ್ಕೆ 65 ಮಿಲಿಗ್ರಾಂ ಸಾಕು, ಅರ್ಧ ಪೇರಲೆ ಹಣ್ಣಿನಲ್ಲೇ ಅದು ಸಿಗುತ್ತದೆ. ಚೀಪುವ ಮಾತ್ರೆ ನಿಲ್ಲಿಸಿ. ಅದು ಹುಳಿ, ಎಷ್ಟೋ ಮಾತ್ರೆಗಳಲ್ಲಿ ಸಕ್ಕರೆಯೂ ಇರುತ್ತದೆ, ಬಾಯಲ್ಲಿ ಇಟ್ಟಷ್ಟು ಹೊತ್ತೂ ಹಲ್ಲಿಗೆ ಪೆಟ್ಟು.

ಅವರ ವಸಡಿನಿಂದ ರಕ್ತ ಬರುವುದಕ್ಕೆ ಕಾರಣ ಬಹುಮಟ್ಟಿಗೆ ವಸಡಿನ ಅಂಚಿನಲ್ಲಿ ಕೂತ ಕೊಳೆ. ರಕ್ತ ಕಂಡು ಬ್ರಶ್ ಬಿಟ್ಟರೆ ಕೊಳೆ ಹೆಚ್ಚುತ್ತದೆ, ರಕ್ತವೂ ಹೆಚ್ಚುತ್ತದೆ. ಮೆತ್ತನೆಯ ಬ್ರಶ್ಶಿನಿಂದ ಅಲ್ಲೇ ನಿಧಾನವಾಗಿ ಉಜ್ಜಬೇಕು. ಗಟ್ಟಿಯಾಗಿ ಕಲ್ಲಿನಂತಾದ ಕೊಳೆಯನ್ನು ಯಾವ ಆಹಾರವೂ ಕರಗಿಸುವುದಿಲ್ಲ, ಅದನ್ನು ಕ್ಲೀನಿಂಗ್ ಮಾಡಿಯೇ ತೆಗೆಯಬೇಕು. ಕ್ಲೀನಿಂಗ್‌ನಿಂದ ಹಲ್ಲು ಸಡಿಲವಾಗುವುದಿಲ್ಲ. ಮೂಳೆ ಮೊದಲೇ ಸವೆದಿರುತ್ತದೆ, ಕಲ್ಲು ಹಲ್ಲುಗಳನ್ನು ಒಂದಕ್ಕೊಂದು ಕಟ್ಟಿ ಹಾಕಿದಂತೆ ಇರುತ್ತದೆ, ತೆಗೆದಾಗ ಅಲುಗಾಟ ಗೊತ್ತಾಗುತ್ತದೆ.

ಶುಗರ್ ಹತೋಟಿಯಲ್ಲಿಲ್ಲದಿದ್ದರೆ ವಸಡಿನ ರೋಗ ಬೇಗ ಬೆಳೆಯುತ್ತದೆ, ವಸಡಿನ ಸೋಂಕಿನಿಂದ ಶುಗರ್ ಹತೋಟಿಗೆ ತರುವುದೂ ಕಷ್ಟ. ಆದ್ದರಿಂದ ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆ ಮಾಡಿಸಿಕೊಂಡೇ ದಂತವೈದ್ಯರ ಬಳಿ ಹೋಗಿ. ಖರ್ಚಿನ ಚಿಂತೆಯಿದ್ದರೆ ಮುಂಬೈ ಸೆಂಟ್ರಲ್‌ನ ನಾಯರ್ ದಂತ ಕಾಲೇಜು ಇದೆ, ಸಿಎಸ್‌ಎಂಟಿ ಸ್ಟೇಷನ್ ಹತ್ತಿರ ಸರಕಾರಿ ದಂತ ಕಾಲೇಜು ಇದೆ. ಡೊಂಬಿವ್ಲಿಯಿಂದ ಸಿಎಸ್‌ಎಂಟಿಗೆ ನೇರ ಲೋಕಲ್ ಸಿಗುತ್ತದೆ.

ಪ್ರಶ್ನೆ: ಮೂರು ವರ್ಷದ ಮಗ ರಾತ್ರಿ ಬಾಟಲಿ ಬಾಯಲ್ಲಿಟ್ಟುಕೊಂಡೇ ಮಲಗುತ್ತಾನೆ. ಮೇಲಿನ ಮುಂದಿನ ಹಲ್ಲುಗಳು ಕಂದು ಬಣ್ಣಕ್ಕೆ ತಿರುಗಿವೆ. ಅಮ್ಮ ಹಾಲಿಗೆ ಸಕ್ಕರೆ ಬದಲು ಬೆಲ್ಲ ಹಾಕುತ್ತಾರೆ, ಹೇಗೂ ಹಾಲುಹಲ್ಲು ಬೀಳುತ್ತದಲ್ಲ ಅನ್ನುತ್ತಾರೆ. ಅಂಧೇರಿ.

ಉತ್ತರ: ಬೆಲ್ಲದಲ್ಲೂ ಹೆಚ್ಚಿನ ಪಾಲು ಅದೇ ಸಕ್ಕರೆ. ಬ್ಯಾಕ್ಟೀರಿಯಾ ಎರಡನ್ನೂ ಒಂದೇ ರೀತಿ ತಿನ್ನುತ್ತವೆ. ಅಮ್ಮನಿಗೆ ಪ್ರೀತಿಯಿಂದ ತಿಳಿಸಿ: ಹಿಂದಿನ ಹಾಲುಹಲ್ಲುಗಳು 11, 12 ವರ್ಷದವರೆಗೆ ಇರಬೇಕಾದವು. ಅಲ್ಲಿಯವರೆಗೆ ಮಗು ಅಗಿಯಬೇಕು, ಕೆಳಗೆ ಬರುವ ಹಲ್ಲಿಗೆ ಜಾಗ ಉಳಿಯಬೇಕು.

ಹಾಲು ಮಲಗುವ ಮೊದಲೇ ಲೋಟದಲ್ಲಿ, ಸಿಹಿ ಇಲ್ಲದೆ. ಆಮೇಲೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಾಕಿ ನೀವೇ ಉಜ್ಜಿ, ಉಗುಳಿಸಿ. ಬಾಟಲಿ ಬೇಕೆಂದು ಹಠ ಮಾಡಿದರೆ ದಿನದಿಂದ ದಿನಕ್ಕೆ ಹಾಲಿಗೆ ನೀರು ಜಾಸ್ತಿ ಮಾಡುತ್ತಾ ಬನ್ನಿ, ಎರಡು ವಾರದಲ್ಲಿ ಬರೀ ನೀರಾಗಲಿ. ನಾಲ್ಕೈದು ರಾತ್ರಿ ಅಳಬಹುದು. ಈ ವಾರವೇ ಮಕ್ಕಳ ದಂತವೈದ್ಯರಿಗೆ ತೋರಿಸಿ, ನೋವು ಶುರುವಾಗುವವರೆಗೆ ಕಾಯಬೇಡಿ.

ಪ್ರಶ್ನೆ: ತೂಕ ಇಳಿಸಲು ಬೆಳಿಗ್ಗೆ ಬಿಸಿನೀರಿಗೆ ನಿಂಬೆ ಹಿಂಡಿ ಕುಡಿದು, ಕೂಡಲೇ ಹಲ್ಲುಜ್ಜುತ್ತೇನೆ. ಈಗ ತಣ್ಣೀರು ತಾಗಿದರೆ ಹಲ್ಲು ಜುಮ್ ಅನ್ನುತ್ತದೆ. ಪುಣೆ.

ಉತ್ತರ: ಹುಳಿ ತಾಗಿದ ಎನಾಮಲ್ ಸ್ವಲ್ಪ ಹೊತ್ತು ಮೆತ್ತಗಿರುತ್ತದೆ, ಆಗಲೇ ಉಜ್ಜಿದರೆ ಸವೆಯುತ್ತದೆ. ಮೊದಲು ಹಲ್ಲುಜ್ಜಿ, ಆಮೇಲೆ ನಿಂಬೆನೀರು. ಗುಟುಕು ಗುಟುಕಾಗಿ ಹೀರುತ್ತಾ ಕೂರದೆ ಬೇಗ ಕುಡಿದು ಮುಗಿಸಿ, ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಕೋಕಂ ಶರಬತ್ತಿಗೂ ಇದೇ ಮಾತು. ಒಂದು ತಿಂಗಳಲ್ಲಿ ಜುಮ್ ಅನ್ನುವುದು ಕಡಿಮೆಯಾಗದಿದ್ದರೆ ಪರೀಕ್ಷೆ ಮಾಡಿಸಿ.