ಕೊನೇ ಗಳಿಗೆಯಲ್ಲಿ ಹೊರತೆಗೆದರೆ ಗರ್ಭ ನಿಲ್ಲುವುದಿಲ್ಲವೇ?

ಈಗಲೇ ಮಗು ಬೇಡ, ವೀರ್ಯ ಹೊರಗೆ ಬಿಟ್ಟರೆ ಸಾಕಾ ಎಂದು ಕೇಳಿದ್ದೀರಿ. ಸಾಲುವುದಿಲ್ಲ.

ಇದೊಂದನ್ನೇ ನಂಬಿದ 100 ಜೋಡಿಗಳಲ್ಲಿ, ಒಂದು ವರ್ಷದೊಳಗೆ ಸುಮಾರು 20 ಹೆಂಗಸರು ಗರ್ಭಿಣಿಯರಾಗುತ್ತಾರೆ. ಪ್ರತಿ ಸಲವೂ ಒಂಚೂರು ತಪ್ಪದೆ ಮಾಡಿದರೆ ಸುಮಾರು 4. ಆದರೆ ಆ ಹೊತ್ತಿನಲ್ಲಿ ಅಷ್ಟು ಹಿಡಿತ ಪ್ರತಿ ಸಲ ಇರುತ್ತದೆ ಎನ್ನುವುದು ಕಷ್ಟ ಅಲ್ವಾ? ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ವೀರ್ಯ ಬರುವ ಮೊದಲು ಸ್ವಲ್ಪ ಅಂಟು ನೀರು ಒಸರುತ್ತದೆ. ಕೆಲವರಲ್ಲಿ ಅದರಲ್ಲೂ ವೀರ್ಯಾಣು ಇರುತ್ತವೆ. ಯೋನಿಯ ಬಾಯಿಯ ಹತ್ತಿರ ವೀರ್ಯ ಬಿದ್ದರೂ ಗರ್ಭ ನಿಲ್ಲಬಹುದು. ಒಳಗೆ ಹೋದ ವೀರ್ಯಾಣು 5 ದಿನದವರೆಗೂ ಬದುಕಿರಬಲ್ಲದು.

ಇದರಲ್ಲಿ ಎಚ್ಚರ ಪೂರ್ತಿ ಗಂಡನ ಕೈಲಿ, ಆತಂಕ ಹೆಂಡತಿಗೆ. ನನಗೆ ಇದೇ ಸರಿ ಕಾಣುವುದಿಲ್ಲ. ಲೈಂಗಿಕ ರೋಗಗಳಿಂದಲೂ ರಕ್ಷಣೆ ಇಲ್ಲ.

ಕಾಂಡೋಮ್ ಇದಕ್ಕಿಂತ ವಾಸಿ. ಕೆಲವು ವರ್ಷ ಮಗು ಬೇಡವೆಂದರೆ ಕಾಪರ್-ಟಿ (ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನ) ಹಾಕಿಸಿ, ವರ್ಷದಲ್ಲಿ 100ರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ಸರ್ಕಾರಿ ಆಸ್ಪತ್ರೆಗಳಲ್ಲಿ ಎರಡೂ ಉಚಿತ. ಈಗಾಗಲೇ ಎಡವಟ್ಟಾಗಿದ್ದರೆ ಸುಮ್ನೆ ಕಾಯಬೇಡಿ. 72 ಗಂಟೆಯೊಳಗೆ ತುರ್ತು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳಿ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಮುಟ್ಟು ಒಂದು ವಾರ ತಡವಾದರೆ ಪರೀಕ್ಷೆ ಮಾಡಿಕೊಳ್ಳಿ.