‘ಬ್ರಸೆಲ್ಸ್ ಆದೇಶಿಸಿತು’ ಎಂದರೆ ಯಾರು ಆದೇಶಿಸಿದರು?

ಪ್ರಿಯ ಲೇಖಕರಿಗೆ, ನಮಸ್ಕಾರ.

‘ಐರೋಪ್ಯ ಒಕ್ಕೂಟದ ಆಡಳಿತ: ಒಂದು ಪರಿಚಯ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ದಯವಿಟ್ಟು ಕೈಬಿಡಬೇಡಿ. 27 ದೇಶಗಳು ಸೇರಿ ಕಾನೂನು ಮಾಡುವ ಈ ವ್ಯವಸ್ಥೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳುವವರು ಬೇಕು, ನೀವು ಓದಿಕೊಂಡಿದ್ದೀರಿ ಎಂಬುದೂ ಕಾಣುತ್ತದೆ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗಿದೆ.

ದೊಡ್ಡ ದೋಷ ವ್ಯಾಕರಣದಲ್ಲೇ ಇದೆ. ‘ನಿರ್ಧರಿಸಲಾಯಿತು’, ‘ಅಂಗೀಕರಿಸಲಾಯಿತು’, ‘ಜಾರಿಗೆ ತರಲಾಯಿತು’ ಎಂಬ ಮಾತುಗಳು ನಿಮ್ಮಲ್ಲಿ ಪುಟಪುಟಕ್ಕೂ ಬರುತ್ತವೆ. ‘ಲಾಯಿತು’ ಇಲ್ಲದ ಕಡೆ ‘ಬ್ರಸೆಲ್ಸ್’, ಎಂದರೆ ಒಕ್ಕೂಟದ ಮುಖ್ಯ ಕಚೇರಿಗಳಿರುವ ಊರು, ಕರ್ತೃವಾಗಿ ಕೂತಿದೆ. ‘2022ರಲ್ಲಿ ಬ್ರಸೆಲ್ಸ್ ಎಲ್ಲ ಫೋನುಗಳಿಗೂ ಒಂದೇ ಚಾರ್ಜರ್ ಎಂದು ಆದೇಶಿಸಿತು’ ಎಂದು ಬರೆದಿದ್ದೀರಿ. ಬೇರೆ ವಿಷಯದಲ್ಲಿ ಇದನ್ನು ಶೈಲಿಯ ದೋಷ ಎಂದು ತಿದ್ದಿ ಮುಂದೆ ಹೋಗಬಹುದಿತ್ತು. ಈ ವಿಷಯದಲ್ಲಿ ಯಾರು ಮಾಡಿದರು ಎಂಬುದೇ ವಿಷಯ. ಕರ್ತೃ ಮರೆಯಾದರೆ ಹೇಳಲು ಏನೂ ಉಳಿಯುವುದಿಲ್ಲ.

ಆ ಚಾರ್ಜರ್ ವಾಕ್ಯವನ್ನೇ ಬಿಡಿಸಿ ನೋಡಿ. 2009ರಲ್ಲಿ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ಮೊಬೈಲ್ ಕಂಪನಿಗಳಿಂದ ಸ್ವಯಂಪ್ರೇರಿತ ಒಪ್ಪಂದ ಮಾಡಿಸಿತು. ಬಗೆಬಗೆಯ ಪಿನ್ನುಗಳು ಕಡಿಮೆಯಾದವು, ಒಂದೇ ಆಗಲಿಲ್ಲ. 2020ರ ಜನವರಿ 30ರಂದು ಐರೋಪ್ಯ ಸಂಸತ್ತು, ಕಾನೂನಿನ ಕರಡು ತನ್ನಿ ಎಂದು ಕಮಿಷನ್ನನ್ನು ಒತ್ತಾಯಿಸುವ ನಿರ್ಣಯವನ್ನು 582–40 ಮತಗಳಿಂದ ಒಪ್ಪಿತು. ಇಲ್ಲಿ ಓದುಗರನ್ನು ಒಂದು ಗಳಿಗೆ ನಿಲ್ಲಿಸಿ. ಇಷ್ಟು ಬಹುಮತ ಇದ್ದ ಮೇಲೆ ಸಂಸತ್ತು ತಾನೇ ಮಸೂದೆ ತರಬಹುದಿತ್ತಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ. ತರುವಂತಿಲ್ಲ. ಕೆಲವು ಅಪವಾದ ಬಿಟ್ಟರೆ ಕರಡು ಮಂಡಿಸುವ ಹಕ್ಕು ಕಮಿಷನ್ನಿನದು ಮಾತ್ರ. ಸಂಸತ್ತು ಕೇಳಬಹುದು, ಕಮಿಷನ್ ಒಲ್ಲೆ ಎಂದರೆ ಕಾರಣ ಕೊಡಬೇಕು, ಅಷ್ಟೇ. ಕಮಿಷನ್ ಕರಡು ತಂದದ್ದು 2021ರ ಸೆಪ್ಟೆಂಬರ್ 23ರಂದು.

ಆಮೇಲೆ ಅದೇ ಕರಡು ಎರಡು ದಾರಿ ಹಿಡಿಯುತ್ತದೆ. ಸಂಸತ್ತಿನಲ್ಲಿ ಅದು ಆಂತರಿಕ ಮಾರುಕಟ್ಟೆ ಮತ್ತು ಗ್ರಾಹಕ ರಕ್ಷಣೆಯ ಸಮಿತಿಗೆ ಹೋಯಿತು; ಮಾಲ್ಟಾದ ಅಲೆಕ್ಸ್ ಅಜಿಯಸ್ ಸಲಿಬಾ ಅದರ ಹೊಣೆ ಹೊತ್ತರು. (ನೀವು ಇವರನ್ನು ‘ವರದಿಗಾರ’ ಎಂದಿದ್ದೀರಿ. ಕನ್ನಡದ ಓದುಗರು ಪತ್ರಕರ್ತ ಎಂದುಕೊಳ್ಳುತ್ತಾರೆ. ‘ಕರಡಿನ ಹೊಣೆ ಹೊತ್ತ ಸದಸ್ಯ’ ಎನ್ನಿ.) ಇನ್ನೊಂದು ಕಡೆ ಮಂತ್ರಿಗಳ ಕೌನ್ಸಿಲ್, ಎಂದರೆ ಸದಸ್ಯ ದೇಶಗಳ ಮಂತ್ರಿಗಳ ಸಭೆ. ಅಲ್ಲಿ ಮಂತ್ರಿಗಳು ಕೊನೆಯಲ್ಲಿ ಬರುತ್ತಾರೆ. ಮೊದಲು 27 ದೇಶಗಳ ಅಧಿಕಾರಿಗಳ ಕಾರ್ಯತಂಡ ಸಾಲುಸಾಲಾಗಿ ಓದುತ್ತದೆ, ಬಗೆಹರಿಯದ್ದು ರಾಯಭಾರಿಗಳ ಸಮಿತಿಗೆ ಏರುತ್ತದೆ. ರಾಯಭಾರಿಗಳಲ್ಲೇ ಒಮ್ಮತ ಆದದ್ದು ಮಂತ್ರಿಗಳ ಕಾರ್ಯಸೂಚಿಯಲ್ಲಿ ‘ಎ’ ಅಂಶವಾಗಿ ಬರುತ್ತದೆ, ಚರ್ಚೆಯಿಲ್ಲದೆ ಮುಗಿಯುತ್ತದೆ. ಯಾವ ಖಾತೆಯ ಮಂತ್ರಿಗಳು ಸೇರಿದ್ದರೂ ಸರಿ, ‘ಎ’ ಅಂಶವನ್ನು ಅವರು ಒಪ್ಪಬಹುದು.

ಎರಡೂ ಕಡೆಯ ನಿಲುವು ಸಿದ್ಧವಾದ ಮೇಲೆ ಸಂಸತ್ತು, ಕೌನ್ಸಿಲ್, ಕಮಿಷನ್ ಮೂವರ ಪ್ರತಿನಿಧಿಗಳು ಒಂದು ಕೋಣೆಯಲ್ಲಿ ಕೂರುತ್ತಾರೆ. ಇದಕ್ಕೆ ಟ್ರಯಲಾಗ್ ಎಂದು ಹೆಸರು. ಎದುರಿಗೆ ನಾಲ್ಕು ಕಂಬಸಾಲಿನ ಒಂದು ಪಟ್ಟಿ: ಮೊದಲನೆಯದರಲ್ಲಿ ಕಮಿಷನ್ನಿನ ಕರಡು, ಎರಡನೆಯದರಲ್ಲಿ ಸಂಸತ್ತು ಬಯಸಿದ ಒಕ್ಕಣೆ, ಮೂರನೆಯದರಲ್ಲಿ ಕೌನ್ಸಿಲ್ ಬಯಸಿದ್ದು. ನಾಲ್ಕನೆಯ ಕಂಬಸಾಲು ಖಾಲಿ. ರಾಜಿಯಾದಂತೆಲ್ಲ ಅದು ತುಂಬುತ್ತದೆ. ಒಕ್ಕೂಟದ ಕಾನೂನು ನಿಜವಾಗಿ ಹುಟ್ಟುವುದು ಆ ನಾಲ್ಕನೆಯ ಕಂಬಸಾಲಿನಲ್ಲಿ. ಮೂಲ ಒಪ್ಪಂದಗಳಲ್ಲಿ ಟ್ರಯಲಾಗ್ ಎಂಬ ಮಾತೇ ಇಲ್ಲ, ಬಾಗಿಲು ಮುಚ್ಚಿ ನಡೆಯುತ್ತದೆ ಎಂಬ ದೂರೂ ಇದೆ. ನಿಮ್ಮ ಲೇಖನದಲ್ಲಿ ಇದರ ಸುದ್ದಿಯೇ ಇಲ್ಲ. ಬದಲಿಗೆ ಎರಡು ಸುತ್ತಿನಲ್ಲೂ ಸಂಸತ್ತು, ಕೌನ್ಸಿಲ್ ಒಂದಾಗದಿದ್ದರೆ ಸೇರುವ, ಮೂರನೇ ವಾಚನದ ಸಂಧಾನ ಸಮಿತಿಗೆ ಒಂದು ಪುಟ ಕೊಟ್ಟಿದ್ದೀರಿ. ಅದು ಪುಸ್ತಕದಲ್ಲಿದೆ ನಿಜ, ಆದರೆ ಈಗ ಬಹುಪಾಲು ಕಾನೂನುಗಳು ಮೊದಲ ವಾಚನದಲ್ಲೇ ಮುಗಿಯುವುದರಿಂದ ಅಲ್ಲಿಯವರೆಗೆ ಹೋಗುವುದು ಅಪರೂಪ. ಆ ಪುಟ ಪೂರ್ತಿ ತೆಗೆಯಿರಿ.

ಚಾರ್ಜರಿನ ರಾಜಿ 2022ರ ಜೂನ್ 7ರಂದು ಆಯಿತು. ಅಕ್ಟೋಬರ್ 4ರಂದು ಸಂಸತ್ತು 602–13 ಮತಗಳಿಂದ ಒಪ್ಪಿತು, 24ರಂದು ಕೌನ್ಸಿಲ್ ಒಪ್ಪಿತು, ನವೆಂಬರ್ 23ರಂದು ಸಹಿ ಬಿತ್ತು. ಅಷ್ಟಾದರೂ ಅದು ‘ಆದೇಶ’ ಅಲ್ಲ. ಅದೊಂದು ನಿರ್ದೇಶನ, ಎಂದರೆ 27 ದೇಶಗಳೂ 2023ರ ಡಿಸೆಂಬರ್ 28ರೊಳಗೆ ಅದನ್ನು ತಂತಮ್ಮ ಕಾನೂನಿನಲ್ಲಿ ಬರೆದುಕೊಳ್ಳಬೇಕಿತ್ತು. ಫೋನುಗಳಿಗೆ ಅದು ಅನ್ವಯವಾದದ್ದು 2024ರ ಡಿಸೆಂಬರ್ 28ರಿಂದ. ಲ್ಯಾಪ್‌ಟಾಪ್‌ಗಳಿಗೆ ಗಡುವು 2026ರ ಏಪ್ರಿಲ್ 28. ನಿಮ್ಮ ಒಂದು ‘ಆದೇಶಿಸಿತು’ ಎಷ್ಟು ಜನ ಕರ್ತೃಗಳನ್ನು ನುಂಗಿದೆ ಎಂದು ಈಗ ಎಣಿಸಿ.

ನಿರ್ದೇಶನದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳನ್ನು ಕಟ್ಟಿಹಾಕುವ ‘ಜಿಡಿಪಿಆರ್ ನಿರ್ದೇಶನ’ ಎಂದು ಬರೆದಿದ್ದೀರಿ. ಜನರ ವೈಯಕ್ತಿಕ ದತ್ತಾಂಶ ಕಾಯುವ ಆ ಕಾನೂನು ನಿರ್ದೇಶನವಲ್ಲ, ನಿಯಮಾವಳಿ. 1995ರ ಹಳೆಯ ದತ್ತಾಂಶ ಕಾನೂನು ನಿರ್ದೇಶನವಾಗಿತ್ತು, ಹಾಗಾಗಿ ದೇಶಕ್ಕೊಂದು ರೂಪ ತಾಳಿತು. ಆ ತೊಡಕು ಬೇಡವೆಂದೇ 2016ರಲ್ಲಿ ನಿಯಮಾವಳಿ ಮಾಡಿದರು. 2018ರ ಮೇ 25ರಿಂದ ಅದೇ ಒಕ್ಕಣೆ ಎಲ್ಲ ದೇಶಗಳಲ್ಲೂ ನೇರವಾಗಿ ಅನ್ವಯವಾಗುತ್ತದೆ. ಯುರೋಪಿನಲ್ಲಿರುವ ಜನರಿಗೆ ಸರಕು, ಸೇವೆ ಕೊಡುವ ಕಂಪನಿ ಬೆಂಗಳೂರಿನಲ್ಲಿದ್ದರೂ ಅದಕ್ಕೆ ಒಳಪಡುತ್ತದೆ. ಒಂದು ಪದ ತಪ್ಪಿದರೆ ಕಾನೂನಿನ ಜಾತಿಯೇ ಬದಲಾಗುತ್ತದೆ.

ಇನ್ನು ಹೋಲಿಕೆ. ‘ಸಂಸತ್ತು ಎಂದರೆ ಅವರ ಲೋಕಸಭೆ, ಕೌನ್ಸಿಲ್ ರಾಜ್ಯಸಭೆ, ಕಮಿಷನ್ ಸಚಿವ ಸಂಪುಟ’ ಎಂಬ ಸಾಲು ಓದಲು ಹಗುರ, ಆದರೆ ಮೂರೂ ಕಡೆ ದಾರಿ ತಪ್ಪಿಸುತ್ತದೆ. ಲೋಕಸಭೆಯ ಸದಸ್ಯರು ಖಾಸಗಿ ಮಸೂದೆ ಮಂಡಿಸಬಲ್ಲರು, ಅಲ್ಲಿ ಆಗದು. ಕಮಿಷನ್ನಿನ 27 ಸದಸ್ಯರನ್ನು ಆಯಾ ದೇಶದ ಸರ್ಕಾರ ಹೆಸರಿಸುತ್ತದೆ, ಆದರೆ ಅವರು ಯಾವ ಸರ್ಕಾರದ ಅಪ್ಪಣೆಯನ್ನೂ ಕೇಳುವಂತಿಲ್ಲ. ಕೌನ್ಸಿಲ್‌ಗೆ ನಮ್ಮಲ್ಲಿ ಹತ್ತಿರದ ಹೋಲಿಕೆ ಬೇಕೇ ಬೇಕಿದ್ದರೆ ಜಿಎಸ್‌ಟಿ ಮಂಡಳಿಯನ್ನು ತೆಗೆದುಕೊಳ್ಳಿ. ರಾಜ್ಯಗಳ ಮಂತ್ರಿಗಳು ತಮ್ಮ ಸರ್ಕಾರದ ಪರವಾಗಿ ಕೂರುತ್ತಾರೆ, ಮತಕ್ಕೆ ತೂಕ ಇದೆ. ಆದರೆ ವ್ಯತ್ಯಾಸವನ್ನೂ ಕೂಡಲೇ ಹೇಳಿ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಕೈಯಲ್ಲಿ ಮತದ ಮೂರನೇ ಒಂದು ಪಾಲಿದೆ, ತೀರ್ಮಾನಕ್ಕೆ ನಾಲ್ಕನೇ ಮೂರು ಪಾಲು ಬೇಕು; ಹಾಗಾಗಿ ಕೇಂದ್ರ ಒಪ್ಪದೆ ಏನೂ ಆಗದು. ಮಂತ್ರಿಗಳ ಕೌನ್ಸಿಲ್‌ನಲ್ಲಿ ಕಮಿಷನ್ ಕೂರುತ್ತದೆ, ಮತ ಹಾಕುವುದಿಲ್ಲ. ಅದರ ಬಲ ಬೇರೆ ಕಡೆ ಇದೆ: ಕಮಿಷನ್ ಒಪ್ಪದ ತಿದ್ದುಪಡಿಯನ್ನು ಕರಡಿಗೆ ಸೇರಿಸಲು ಕೌನ್ಸಿಲ್‌ನ ಎಲ್ಲ ದೇಶಗಳೂ ಒಂದಾಗಬೇಕು.

ಮತದ ಲೆಕ್ಕದಲ್ಲಿ ನೀವು ‘ಮೂರು ದೊಡ್ಡ ದೇಶಗಳು ಸೇರಿದರೆ ಯಾವುದನ್ನೂ ತಡೆಯಬಹುದು’ ಎಂದಿದ್ದೀರಿ. ತಪ್ಪು. ಸಾಮಾನ್ಯವಾಗಿ ಬೇಕಾದ ಬಹುಮತಕ್ಕೆ ಎರಡು ಅಳತೆ: ದೇಶಗಳಲ್ಲಿ ಶೇ 55, ಅಂದರೆ 27ರಲ್ಲಿ 15, ಆ ದೇಶಗಳಲ್ಲಿ ಒಕ್ಕೂಟದ ಜನಸಂಖ್ಯೆಯ ಶೇ 65. ಜರ್ಮನಿ, ಫ್ರಾನ್ಸ್, ಇಟಲಿ ಮೂರರಲ್ಲಿ ಸುಮಾರು ಶೇ 47 ಜನರಿದ್ದಾರೆ, ಹಾಗಾಗಿ ಉಳಿದ 24 ದೇಶಗಳು ಶೇ 65 ಮುಟ್ಟುವುದಿಲ್ಲ. ಆದರೂ ತಡೆ ಬೀಳದು, ಏಕೆಂದರೆ ತಡೆಯುವ ಗುಂಪಿನಲ್ಲಿ ಕನಿಷ್ಠ ನಾಲ್ಕು ದೇಶಗಳಿರಬೇಕು. ಮೂರೇ ದೊಡ್ಡ ದೇಶಗಳು ಎಲ್ಲವನ್ನೂ ತಡೆಯದಂತೆ ಹಾಕಿದ ಬೇಲಿ ಇದು. ತಟಸ್ಥ ಉಳಿಯುವುದರ ಅರ್ಥವೂ ಎರಡು ಕಡೆ ಎರಡು. ಈ ಬಹುಮತದಲ್ಲಿ ತಟಸ್ಥ ಉಳಿದರೆ ವಿರೋಧಿಸಿದಂತೆಯೇ, ಏಕೆಂದರೆ ‘ಪರ’ ಎಂದವರನ್ನಷ್ಟೇ ಎಣಿಸುತ್ತಾರೆ. ತೆರಿಗೆ, ವಿದೇಶಾಂಗ ನೀತಿಯಂಥ ಸರ್ವಾನುಮತದ ವಿಷಯಗಳಲ್ಲಿ ತಟಸ್ಥ ಉಳಿದವರು ತಡೆ ಆಗುವುದಿಲ್ಲ.

‘ಕೌನ್ಸಿಲ್’ ಎಂಬ ಒಂದೇ ಪದದಲ್ಲಿ ನೀವು ಮೂರು ಸಂಸ್ಥೆಗಳನ್ನು ಬೆರೆಸಿದ್ದೀರಿ. ದೇಶಗಳ ಮುಖ್ಯಸ್ಥರ ಸಭೆಗೆ (ಯುರೋಪಿಯನ್ ಕೌನ್ಸಿಲ್) ‘ನಾಯಕರ ಕೌನ್ಸಿಲ್’ ಎನ್ನಿ. ಅದು ದಿಕ್ಕು ತೋರಿಸುತ್ತದೆ, ಕಾನೂನು ಮಾಡುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಒಮ್ಮತವೇ ಬೇಕು. 2023ರ ಡಿಸೆಂಬರ್ 14ರಂದು ಉಕ್ರೇನ್ ಜೊತೆ ಸೇರ್ಪಡೆಯ ಮಾತುಕತೆ ಶುರುಮಾಡುವ ತೀರ್ಮಾನದ ಹೊತ್ತಿಗೆ ಹಂಗೆರಿಯ ವಿಕ್ಟರ್ ಓರ್ಬಾನ್ ಕೋಣೆಯಿಂದ ಎದ್ದು ಹೋದರು, ಎದುರು ಹೇಳುವವರು ಕೋಣೆಯಲ್ಲಿ ಇಲ್ಲದೆ ಉಳಿದ 26 ಮಂದಿ ಒಪ್ಪಿದರು. ಒಮ್ಮತ ಎಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ನಿಮಗೆ ಸಿಗದು. ಕಾನೂನಿಗೆ ಮತ ಹಾಕುವುದು ‘ಮಂತ್ರಿಗಳ ಕೌನ್ಸಿಲ್’. ಮೂರನೆಯದು, 1949ರಲ್ಲಿ ಹುಟ್ಟಿದ ‘ಕೌನ್ಸಿಲ್ ಆಫ್ ಯುರೋಪ್’, ಒಕ್ಕೂಟದ್ದೇ ಅಲ್ಲ. ಅದರಲ್ಲಿ 46 ದೇಶಗಳಿವೆ, ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಅದಕ್ಕೆ ಸೇರಿದ್ದು. ಒಕ್ಕೂಟದ ನ್ಯಾಯಾಲಯ ಇರುವುದು ಲಕ್ಸೆಂಬರ್ಗಿನಲ್ಲಿ. ಹನ್ನೆರಡು ನಕ್ಷತ್ರಗಳ ಬಾವುಟ ಎರಡಕ್ಕೂ ಒಂದೇ, ಆದ್ದರಿಂದ ಫೋಟೊ ನೋಡಿ ತೀರ್ಮಾನಿಸಬೇಡಿ.

‘ಯುರೋಪಿನ ಅಧ್ಯಕ್ಷ’ ಎಂಬ ಹುದ್ದೆಯೂ ಇಲ್ಲ. ಕಮಿಷನ್‌ಗೆ ಉರ್ಸುಲಾ ಫಾನ್ ಡೆರ್ ಲೇಯೆನ್, ನಾಯಕರ ಕೌನ್ಸಿಲ್‌ಗೆ ಆಂಟೋನಿಯೊ ಕೋಸ್ಟಾ. ಸಂಸತ್ತಿಗೆ ಬೇರೆ ಅಧ್ಯಕ್ಷರಿದ್ದಾರೆ. ಕೋಸ್ಟಾ ಅವರ ತಂದೆಯ ಕಡೆಯ ಗೋವಾ ನಂಟಿಗೆ ಇಡೀ ಪ್ಯಾರಾ ಕೊಟ್ಟಿದ್ದೀರಿ; ಓದುಗರಿಗೆ ಅದು ಇಷ್ಟವಾಗುತ್ತದೆ, ಒಂದು ಸಾಲು ಇರಲಿ. ಆದರೆ ಅವರು ಸಭೆ ನಡೆಸುತ್ತಾರೆ, ಮತ ಹಾಕುವುದಿಲ್ಲ, ಅವಧಿ ಎರಡೂವರೆ ವರ್ಷ ಎಂಬ ಮೂರು ಸಂಗತಿಗಳು ಆ ಪ್ಯಾರಾದಲ್ಲಿ ಇಲ್ಲ.

ಮತ್ತೆ ಬರೆಯುವಾಗ ಸಂಸ್ಥೆಗಳ ಪಟ್ಟಿಯಿಂದ ಶುರುಮಾಡಬೇಡಿ. ಚಾರ್ಜರಿನಿಂದ ಶುರುಮಾಡಿ, ಅದು ಹೋದ ದಾರಿಯಲ್ಲಿ ಯಾವ ಬಾಗಿಲು ಬಂತೋ ಆ ಸಂಸ್ಥೆಯನ್ನು ಅಲ್ಲೇ ಪರಿಚಯಿಸಿ. ದಾರಿಯಲ್ಲಿ ಸಿಗದ ಕೇಂದ್ರೀಯ ಬ್ಯಾಂಕ್, ಲೆಕ್ಕಪರಿಶೋಧಕರನ್ನು ಈ ಲೇಖನದಲ್ಲಿ ಬಿಡಿ. ಕಡತದಲ್ಲಿ ‘ಲಾಯಿತು’ ಎಂದು ಹುಡುಕಿ, ಸಿಕ್ಕ ಕಡೆಯೆಲ್ಲ ಮಾಡಿದವರ ಹೆಸರು ಹಾಕಿ. ಮತದ ಅಂಕಿ ಬರೆದಾಗ ಬೇಕಿದ್ದದ್ದು ಎಷ್ಟು ಎಂದು ಪಕ್ಕದಲ್ಲೇ ಹೇಳಿ. 2019ರಲ್ಲಿ ಕಮಿಷನ್ನಿನ ಅಧ್ಯಕ್ಷ ಸ್ಥಾನಕ್ಕೆ ಸಂಸತ್ತಿನಲ್ಲಿ ಫಾನ್ ಡೆರ್ ಲೇಯೆನ್ 383 ಮತ ಪಡೆದರು ಎಂದು ನೀವು ಬರೆದಿದ್ದೀರಿ. ಬೇಕಿದ್ದದ್ದು 374 ಎಂದು ಸೇರಿಸಿದರೆ ಆ ಸಂಜೆಯ ಆತಂಕ ಓದುಗರಿಗೆ ತಾನಾಗಿ ತಲುಪುತ್ತದೆ.

1500 ಪದ ಮೀರದಿರಲಿ. ಪೂರ್ತಿ ಬರೆಯುವ ಮೊದಲು ಚಾರ್ಜರಿನ ಭಾಗ ಒಂದನ್ನೇ ಕಳಿಸಿ, ನೋಡಿ ಹೇಳುತ್ತೇವೆ.

ವಿಶ್ವಾಸದಿಂದ,
ಸಂಪಾದಕರು